1965ರ ಎಂಜಿಬಿ ರೋಡ್‌ಸ್ಟರ್ ಮಾರಾಟಕ್ಕಿದೆ: ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು ಕೊಡುತ್ತಿದ್ದೇನೆ ಅಂತ ನಾಲ್ಕು ಜನರಿಗೆ ಹೇಳಿದ್ದೇ ತಡ, ಫೋನು ಬಿಡುವಿಲ್ಲದೆ ಬರುತ್ತಿದೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು, ಬೆಂಗಳೂರು, ಮೈಸೂರು, ಮಂಗಳೂರಿನ ಹಳೇ ಕಾರಿನ ಆಸಕ್ತರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. 2008ರಿಂದ ಈ ಕಾರು ಇಲ್ಲಿ ಇಂಗ್ಲೆಂಡಿನಲ್ಲಿ ನನ್ನ ಹತ್ತಿರ ಇದೆ. ಒಳ್ಳೆಯದನ್ನೂ ಕೊರತೆಯನ್ನೂ ಇದ್ದದ್ದು ಇದ್ದ ಹಾಗೇ ಹೇಳಿದ್ದೇನೆ. ನನ್ನ ಕಾರು ಬೇಡವೆಂದು ಬೇರೆ ಎಂಜಿಬಿ ನೋಡಲು ಹೋಗುವವರಿಗೂ ಇದರಲ್ಲಿ ಬಹಳಷ್ಟು ಉಪಯೋಗಕ್ಕೆ ಬರುತ್ತದೆ.

ಇದು ಸರಿಯಾಗಿ ಯಾವ ಕಾರು?

ಎಂಜಿಬಿ ರೋಡ್‌ಸ್ಟರ್, ಅಂದರೆ ಗಟ್ಟಿ ಚಾವಣಿಯಿಲ್ಲದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು, ಮೊದಲ ಮಾದರಿಯದು. 1965ರ ಜನವರಿಯಲ್ಲಿ ಆಕ್ಸ್‌ಫರ್ಡ್ ಪಕ್ಕದ ಆಬಿಂಗ್‌ಡನ್ ಕಾರ್ಖಾನೆಯಲ್ಲಿ ತಯಾರಾಗಿ ಫೆಬ್ರವರಿಯಲ್ಲಿ ನೋಂದಣಿಯಾಗಿದೆ. ನಂಬರ್ ಪ್ಲೇಟಿನ ಕೊನೆಯ ಅಕ್ಷರ 'ಸಿ', ಅದು ಆ ವರ್ಷದ ಗುರುತು. ಷಾಸಿ ನಂಬರು ಜಿಎಚ್‌ಎನ್3 ಅಂತ ಶುರುವಾಗುತ್ತದೆ. ಜಿ ಅಂದರೆ ಎಂಜಿ, ಎಚ್ ಎಂಜಿನ್ ಗಾತ್ರದ ವರ್ಗ, ಎನ್ ಅಂದರೆ ಎರಡು ಸೀಟಿನ ತೆರೆದ ಕಾರು. ಚಾವಣಿಯಿರುವ ಜಿಟಿ ಕಾರಿಗೆ ಜಿಎಚ್‌ಡಿ ಅಂತ ಇರುತ್ತದೆ. ಬೇರೆಲ್ಲಾದರೂ ರೋಡ್‌ಸ್ಟರ್ ನೋಡಲು ಹೋದಾಗ ಷಾಸಿ ನಂಬರಿನಲ್ಲಿ ಎನ್ ಬದಲು ಡಿ ಕಂಡರೆ ಅಲ್ಲಿಗೇ ನಿಲ್ಲಿಸಿ ವಿಚಾರಿಸಿ.

ಬಣ್ಣ ಓಲ್ಡ್ ಇಂಗ್ಲಿಷ್ ವೈಟ್, ಹಾಲಿನ ಕೆನೆಯ ಛಾಯೆಯದು. ಕಪ್ಪು ಚರ್ಮದ ಸೀಟು, ಅಂಚಿಗೆ ಬಿಳಿ ಪೈಪಿಂಗ್. ಎಂಜಿನ್ 1798 ಸಿಸಿ, ನಾಲ್ಕು ಸಿಲಿಂಡರ್, ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್, ಹೊಸದಿದ್ದಾಗ 95 ಅಶ್ವಶಕ್ತಿ. ತಂತಿ ಕಡ್ಡಿಯ ಚಕ್ರಗಳು. ಓವರ್‌ಡ್ರೈವ್ ಇದೆ, ಅಂದರೆ ವೇಗದಲ್ಲಿ ಹೋಗುವಾಗ ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು. ಬಲಗೈ ಸ್ಟೀರಿಂಗ್.

ಎಂಜಿ ಅಂದರೆ ನಮ್ಮೂರಲ್ಲಿ ಓಡಾಡುವ ಹೆಕ್ಟರ್ ಕಂಪನಿಯೇನಾ?

ಹೆಸರು ಅದೇ. ಆದರೆ ಮೂಲ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್. 1920ರ ದಶಕದಲ್ಲಿ ಸೆಸಿಲ್ ಕಿಂಬರ್ ಅಲ್ಲಿ ಸಾಧಾರಣ ಮಾರಿಸ್ ಕಾರುಗಳಿಗೆ ಸ್ಪೋರ್ಟ್ಸ್ ಮೈಕಟ್ಟು ಕೊಡಲು ಶುರುಮಾಡಿ ಈ ಹೆಸರನ್ನು ಬೆಳೆಸಿದ. ಎಂಜಿಬಿ ಬಂದದ್ದು 1962ರಲ್ಲಿ. ಎಂಜಿನಿಯರಿಂಗ್ ಹೊಣೆ ಸಿಡ್ ಎನೆವರ್‌ನದು, ಹೊರಮೈ ರೇಖೆ ಡಾನ್ ಹೇಟರ್‌ನದು. 1980ರ ಅಕ್ಟೋಬರಿನಲ್ಲಿ ಆಬಿಂಗ್‌ಡನ್ ಕಾರ್ಖಾನೆ ಮುಚ್ಚುವವರೆಗೆ, ಅಂದರೆ 18 ವರ್ಷ, ಇದೇ ಆಕಾರದಲ್ಲಿ ತಯಾರಾಯಿತು. ರೋಡ್‌ಸ್ಟರ್ ಮತ್ತು ಜಿಟಿ ಸೇರಿ 5 ಲಕ್ಷಕ್ಕೂ ಹೆಚ್ಚು. ಈಗಿನ ಹೆಕ್ಟರ್ ಹಿಂದಿರುವುದು ಚೀನಾದ ಮಾಲೀಕತ್ವಕ್ಕೆ ಹೋದ ಮೇಲಿನ ಎಂಜಿ.

ಐದು ಲಕ್ಷ ಕಾರು ಮಾಡಿದ್ದಾರೆ ಅಂದಮೇಲೆ ಇದರಲ್ಲಿ ಅಪರೂಪದ್ದು ಏನು?

ಬಾಗಿಲ ಹಿಡಿ ಮತ್ತು ಅದರ ಜೊತೆಗಿರುವ ಎಂಜಿನ್.

ಮೊದಲ ಎಂಜಿಬಿಗಳಲ್ಲಿ ಬಾಗಿಲಿಗೆ ಒತ್ತುವ ಗುಂಡಿ ಇರಲಿಲ್ಲ. ತೆಳ್ಳಗಿನ ಕ್ರೋಮ್ ಹಿಡಿಯ ಹಿಂದೆ ಬೆರಳು ತೂರಿಸಿ ನಿಮ್ಮ ಕಡೆಗೆ ಎಳೆಯಬೇಕು. ಇವನ್ನೇ ಸಂಗ್ರಾಹಕರು 'ಪುಲ್ ಹ್ಯಾಂಡಲ್' ಕಾರು ಅನ್ನುವುದು. 1965ರ ವಸಂತದ ಹೊತ್ತಿಗೆ ಗುಂಡಿ ಬಂತು, ಹಿಡಿ ಹೋಯಿತು. ಇನ್ನು ಎಂಜಿನ್ ವಿಷಯ. ಶುರುವಿನಲ್ಲಿ ಕ್ರ್ಯಾಂಕ್‌ಶಾಫ್ಟನ್ನು, ಅಂದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡವನ್ನು, ಮೂರು ಬೇರಿಂಗ್‌ಗಳು ಹೊರುತ್ತಿದ್ದವು. 1964ರ ಅಕ್ಟೋಬರಿನಿಂದ ಐದಾದವು. ಈ ಐದು ಬೇರಿಂಗ್ ಎಂಜಿನ್ನಿನ ನಂಬರು 18ಜಿಬಿ ಅಂತ ಶುರುವಾಗುತ್ತದೆ. ಮೂರು ಬೇರಿಂಗ್‌ನದು ಹಗುರವಾಗಿ ಮೇಲೇರುತ್ತದೆ ಅನ್ನುವವರು ಇದ್ದಾರೆ, ಅದು ಸುಳ್ಳೂ ಅಲ್ಲ. ಆದರೆ ದೂರದ ದಾರಿಗೆ, ಬಾಳಿಕೆಗೆ, ನಯಕ್ಕೆ ಐದು ಬೇರಿಂಗ್‌ನದೇ ವಾಸಿ.

ಈಗ ಎರಡು ತಾರೀಖುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಳೇ ಹಿಡಿಯೂ ಹೊಸ ಎಂಜಿನ್ನೂ ಒಂದೇ ಕಾರಿನಲ್ಲಿ ಇದ್ದದ್ದು ಒಂದು ಚಳಿಗಾಲದಷ್ಟು ಕಾಲ ಮಾತ್ರ. ನನ್ನ ಕಾರು ಆ ಚಳಿಗಾಲದ್ದು.

ಎಂಜಿನ್ ಮೂಲದ್ದೇ? ದಾಖಲೆ ಏನಿದೆ?

ಮೂಲದ್ದೇ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ಹಳೇ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಕಾರು ತಯಾರಾದ ದಿನ, ಬಣ್ಣ, ಎಂಜಿನ್ ನಂಬರು, ಕಾರ್ಖಾನೆಯಲ್ಲೇ ಹಾಕಿಕೊಟ್ಟ ಹೆಚ್ಚುವರಿ ಭಾಗಗಳು ಅದರಲ್ಲಿ ಇರುತ್ತವೆ. ನನ್ನ ಹತ್ತಿರದ ಸರ್ಟಿಫಿಕೇಟಿನ ನಂಬರೂ ಎಂಜಿನ್ ಬ್ಲಾಕಿನ ತಗಡಿನ ಮೇಲಿನ ನಂಬರೂ ಒಂದೇ. ನೀವೇ ಬಗ್ಗಿ ಓದಿಕೊಳ್ಳಬಹುದು. ಓವರ್‌ಡ್ರೈವ್ ಮತ್ತು ಹೀಟರ್ ಎರಡೂ ಆ ಪಟ್ಟಿಯಲ್ಲಿವೆ. ಹೌದು, ಇಂಗ್ಲೆಂಡಿನ ಚಳಿಯಲ್ಲೂ ಆಗ ಹೀಟರಿಗೆ ಬೇರೆ ದುಡ್ಡು ಕೊಡಬೇಕಿತ್ತು.

ಇನ್ನೊಂದು ಸಣ್ಣ ಗುರುತು: ಐದು ಬೇರಿಂಗ್ ಎಂಜಿನ್ ಜೊತೆಗೇ ಆರ್‌ಪಿಎಂ ಮೀಟರು ಕೇಬಲ್ ಬಿಟ್ಟು ವಿದ್ಯುತ್ತಿನದಾಯಿತು. ಇದರಲ್ಲಿ ಅದೇ ಇದೆ.

ಅಂಬಾಸಡರ್ ಎಂಜಿನ್ನೂ ಇದೂ ಒಂದೇ ಅಂತಾರಲ್ಲ?

ಒಂದೇ ಅಲ್ಲ, ಒಂದೇ ಮನೆತನದವು. ಎರಡೂ ಬಿಎಂಸಿ, ಅಂದರೆ ಆಗ ಎಂಜಿಯೂ ಸೇರಿದ್ದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ ಸೀರೀಸ್' ಎಂಜಿನ್. ನಮ್ಮ ಹಿಂದೂಸ್ತಾನ್ ಅಂಬಾಸಡರ್‌ನದು 1489 ಸಿಸಿ, ಒಂದೇ ಎಸ್‌ಯು ಕಾರ್ಬುರೇಟರ್. ಇದು ಅದರ ಅಣ್ಣ, 1798 ಸಿಸಿ, ಎರಡು ಕಾರ್ಬುರೇಟರ್. ನಮ್ಮ ತಂದೆಯವರ ಅಂಬಾಸಡರ್ ಬಾನೆಟ್ ಎತ್ತಿ ನೋಡುತ್ತಾ ಬೆಳೆದವನು ನಾನು. ಈ ಕಾರಿನ ಬಾನೆಟ್ ಮೊದಲ ಸಲ ಎತ್ತಿದಾಗ ಹಳೇ ನೆಂಟರ ಮನೆಗೆ ಬಂದ ಹಾಗಾಯಿತು. ಅದೇ ಟ್ಯಾಪೆಟ್ ಕವರು, ಅದೇ ಜೋಡಣೆ, ಬಿಸಿಯಾದಾಗ ಅದೇ ಎಣ್ಣೆಯ ವಾಸನೆ. ಅಂಬಾಸಡರ್ ಮೇಲೆ ಕೈ ಪಳಗಿದ ಮೇಸ್ತ್ರಿ ಇದರ ಮುಂದೆ ಕಂಗಾಲಾಗುವುದಿಲ್ಲ. ಸಂದು ಅಳೆಯುವ ಫೀಲರ್ ಗೇಜ್ ಕೊಟ್ಟು 15 ಥೌ (ಇಂಚಿನ ಸಾವಿರದ 15 ಭಾಗ) ಅಂದರೆ ಸಾಕು, ಟ್ಯಾಪೆಟ್ ಕೂರಿಸುತ್ತಾನೆ.

ತುಕ್ಕು ಇದೆಯಾ?

ಎಂಜಿಬಿ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು, ಆದರೆ ಜನ ಇದನ್ನು ಕೊನೆಗೆ ಕೇಳುತ್ತಾರೆ. ಮೊದಲು ಪೇಂಟ್ ನೋಡುತ್ತಾರೆ, ಕ್ರೋಮ್ ನೋಡುತ್ತಾರೆ, ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿಯುತ್ತಾರೆ, ಅಲ್ಲಿಗೆ ಮನಸ್ಸು ಸೋತಿರುತ್ತದೆ. ನಾನೂ ಹಾಗೇ ಸೋತವನು.

ನನ್ನ ಮೊದಲ ಎಂಜಿಬಿ ಇದಲ್ಲ. ಅದಕ್ಕೂ ಮುಂಚೆ ಒಬ್ಬ ವ್ಯಾಪಾರಿಯಿಂದ ಕೆಂಪು ಬಣ್ಣದ್ದೊಂದು ತಂದಿದ್ದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೂರನೇ ತಿಂಗಳು ಟೈರ್ ಬದಲಿಸಲು ಪಕ್ಕದಿಂದ ಜಾಕ್ ಕೊಟ್ಟು ಎತ್ತಿದೆ. ಚಕ್ರ ನೆಲ ಬಿಡುವ ಮೊದಲೇ ಬಾಗಿಲ ಹಿಂದಿನ ಸಂದು ಮೇಲ್ಗಡೆ ಕಿರಿದಾಗುತ್ತಾ ಬಂತು. ಬಾಗಿಲು ತೆಗೆಯಲು ನೋಡಿದರೆ ಬರಲಿಲ್ಲ, ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಕಾರು ನಡುವಿನಲ್ಲಿ ಬಾಗುತ್ತಿತ್ತು. ಬಾಗಿಲ ಕೆಳಗಿನ ಸಿಲ್ ಬೆರಳಿನಿಂದ ತಟ್ಟಿದರೆ ತಗಡಿನ ಸದ್ದೇ ಇಲ್ಲ, ಗೋಡೆ ತಟ್ಟಿದ ಹಾಗೆ ಡಬ್ ಡಬ್. ಕೆರೆದು ನೋಡಿದರೆ ಬೆರಳುದ್ದ ದಪ್ಪ ಪುಟ್ಟಿ, ಅದರ ಹಿಂದೆ ಗಾಳಿ. ಆ ಕಾರು ದುರಸ್ತಿಗೆ ನಿಲುಕಲಿಲ್ಲ, ಬಿಡಿಭಾಗಕ್ಕೆ ಹೋಯಿತು.

ಯಾಕೆ ಹೀಗೆ ಅಂದರೆ, ಇದರ ಹಿಂದಿನ ಎಂಜಿಎ ಕಾರಿಗೆ ಬೇರೆಯೇ ಷಾಸಿ, ಅಂದರೆ ಮೈಯನ್ನು ಹೊರುವ ಚೌಕಟ್ಟು ಇತ್ತು. ಎಂಜಿಬಿಗೆ ಅದಿಲ್ಲ, ಮೈಯೇ ಷಾಸಿ. ತೆರೆದ ಕಾರಿಗೆ ಮೇಲೆ ಚಾವಣಿಯ ಆಸರೆಯೂ ಇಲ್ಲ. ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಟ್ಟಿರುವುದು ಎರಡು ಪಕ್ಕದ ಸಿಲ್‌ಗಳು ಮತ್ತು ನಡುವಿನ ಗೇರ್‌ಬಾಕ್ಸ್ ಸುರಂಗ. ಸಿಲ್ ಒಂದೇ ತಗಡಲ್ಲ. ಹೊರಗಿನದು, ಒಳಗಿನದು, ನಡುವೆ ನಿಲ್ಲಿಸಿದ ಪರದೆಯಂಥ ತಗಡು, ಇವೆಲ್ಲಕ್ಕೂ ಕೆಳಗೆ 'ಕ್ಯಾಸಲ್ ಸೆಕ್ಷನ್' ಅನ್ನುವ ಕೋಟೆ ತೆನೆಯಾಕಾರದ ಪಟ್ಟಿ. ಮುಂದಿನ ಚಕ್ರ ಎರಚುವ ಕೆಸರು ವಿಂಗ್ (ಚಕ್ರದ ಮೇಲಿನ ಹೊರತಗಡು) ಒಳಗೆ ಸೇರಿ, ಒದ್ದೆಯಾಗೇ ಕೂತು, ಅಲ್ಲಿಂದ ಸಿಲ್‌ಗೆ ಇಳಿಯುತ್ತದೆ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಒಳಗಿನಿಂದ ತಿನ್ನುವ ತುಕ್ಕು ಹೊರಗೆ ಕಾಣುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಬರೀ ಹೊರ ಸಿಲ್ ಬದಲಿಸಿ ಪೇಂಟ್ ಹೊಡೆದರೆ ಅದು ಕಣ್ಣಿಗೆ ಮಾತ್ರ ಹೊಸದು.

ಈ ಬಿಳಿ ಕಾರಿನ ಎರಡೂ ಪಕ್ಕದ ಸಿಲ್‌ಗಳನ್ನು 2011ರಲ್ಲಿ ಪೂರ್ತಿ ಬಿಚ್ಚಿಸಿ ಎಲ್ಲ ಪದರವನ್ನೂ ಹೊಸದಾಗಿ ಕೂರಿಸಿದ್ದೇವೆ. ಮೈ ಬಾಗದ ಹಾಗೆ ಬಾಗಿಲ ಚೌಕಟ್ಟಿಗೆ ಅಡ್ಡ ಕಂಬಿ ಬೆಸೆದು, ಒಂದು ಪಕ್ಕ ಮುಗಿಸಿ ಆಮೇಲೆ ಇನ್ನೊಂದು ಪಕ್ಕ. ಹಂತಹಂತದ ಫೋಟೋಗಳು ಆಲ್ಬಮ್ಮಿನಲ್ಲಿವೆ. ಒಳಗೆ ಮೇಣ ಸಿಂಪಡಿಸಿದೆ, ಅದನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಿಸಿದ್ದೇನೆ. ನೀವು ಬಂದಾಗ ನಿಮ್ಮೆದುರೇ ಜಾಕ್ ಕೊಟ್ಟು ಎತ್ತುತ್ತೇನೆ. ಬಾಗಿಲು ಹೇಗೆ ತೆರೆದು ಮುಚ್ಚುತ್ತದೆ ಅಂತ ನೀವೇ ನೋಡಿ.

ಹಾಗಾದರೆ ಕೊರತೆ ಏನೂ ಇಲ್ಲವಾ?

ಇವೆ. ಎಡ ಹಿಂದಿನ ವಿಂಗ್ ಕೆಳತುದಿಯಲ್ಲಿ ಎರಡು ಕಡೆ ಪೇಂಟ್ ಗುಳ್ಳೆ ಎದ್ದಿದೆ, ಒಂದೆರಡು ವರ್ಷದಲ್ಲಿ ಕೆಲಸ ಕೇಳುತ್ತದೆ. ಎಡ ಬಾಗಿಲಲ್ಲಿ ಮುಂದಿನ ಸಣ್ಣ ತ್ರಿಕೋನ ಗಾಜಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿದೆ. ಇದು ಎಂಜಿಬಿಗಳಿಗೆಲ್ಲ ಬರುವ ರೋಗ. ಬಲ ಬಾಗಿಲಿನದನ್ನು ಸರಿಮಾಡಿಸಿದ್ದೇನೆ. ಚಳಿ ಇದ್ದಾಗ ಓವರ್‌ಡ್ರೈವ್ ಸ್ವಿಚ್ ಒತ್ತಿದರೆ ಕೂಡಿಕೊಳ್ಳಲು ಒಂದೆರಡು ಸೆಕೆಂಡ್ ತಗೊಳ್ಳುತ್ತದೆ. ಬಿಸಿಯಾದ ಮೇಲೆ ತಕ್ಷಣ. ನಿಂತಲ್ಲಿ ನಾಲ್ಕು ಹನಿ ಎಣ್ಣೆ ಬೀಳುತ್ತದೆ. ಮೇಲಿನ ಬಟ್ಟೆಯ ಹುಡ್ ಮೂಲದ್ದಲ್ಲ, ಅದೇ ನಮೂನೆಯ ಹೊಸದು.

ಪೆಟ್ರೋಲ್ ಟ್ಯಾಂಕನ್ನೂ ಹೊಸದು ಹಾಕಿಸಿದೆ. ಆಗಿನ 10 ಗ್ಯಾಲನ್ ಟ್ಯಾಂಕನ್ನು ಪಟ್ಟಿಗಳಿಂದ ಬಿಗಿಯುತ್ತಿದ್ದರು. ಪಟ್ಟಿಯಡಿ ತೇವ ನಿಂತು ಟ್ಯಾಂಕು ಮೇಲಿನಿಂದ ತೂತಾಗುತ್ತದೆ. ಬೇರೆ ಕಾರು ನೋಡುವಾಗ ಇದನ್ನೂ ನೆನಪಿಡಿ.

1975ರ ಮೇಲಿನ ಎಂಜಿಬಿ ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತಲ್ಲ?

ಸಿಗುತ್ತದೆ. ಅವು ಕಪ್ಪು ರಬ್ಬರ್ ಬಂಪರಿನವು. ಅಮೆರಿಕದ ಸುರಕ್ಷತಾ ನಿಯಮಕ್ಕಾಗಿ 1974ರ ಕೊನೆಯಲ್ಲಿ ಕ್ರೋಮ್ ಬಂಪರ್ ತೆಗೆದು ದಪ್ಪ ಬಂಪರ್ ಹಾಕಿದರು, ಕಾರನ್ನು ಒಂದೂವರೆ ಇಂಚು ಎತ್ತರಿಸಿದರು. ಎತ್ತರವಾದ ಮೇಲೆ ತಿರುವಿನಲ್ಲಿ ವಾಲುವುದು ಜಾಸ್ತಿಯಾಯಿತು. ಸಂಗ್ರಾಹಕರು ಕ್ರೋಮ್ ಬಂಪರನ್ನೇ ಕೇಳುತ್ತಾರೆ, ಹಾಗಾಗಿ ಬೆಲೆಯ ಅಂತರ. ಆದರೆ ಸಿಲ್ ಗಟ್ಟಿಯಿರುವ ರಬ್ಬರ್ ಬಂಪರ್ ಕಾರು, ಸಿಲ್ ಕೊಳೆತ ಕ್ರೋಮ್ ಕಾರಿಗಿಂತ ಎಷ್ಟೋ ಮೇಲು. ದುಡ್ಡು ಕಡಿಮೆ ಇದ್ದು ಓಡಿಸುವ ಆಸೆ ದೊಡ್ಡದಿದ್ದರೆ ಅದನ್ನೇ ತಗೊಳ್ಳಿ, ಸಂಕೋಚ ಬೇಡ.

ಓಡಿಸುವುದು ಕಷ್ಟವಾ?

ಕಷ್ಟವಲ್ಲ, ಗಮನ ಕೇಳುತ್ತದೆ. ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಬೆನ್ನ ಹಿಂದಿನಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಬರುತ್ತದೆ, ಅದು ಎಸ್‌ಯು ಪೆಟ್ರೋಲ್ ಪಂಪು. ಕಾರ್ಬುರೇಟರ್ ತುಂಬಿದ ಹಾಗೆ ಸದ್ದು ನಿಧಾನವಾಗಿ ನಿಲ್ಲುತ್ತದೆ. ಆಗ ಚೋಕ್ ಎಳೆದು ಸ್ಟಾರ್ಟ್ ಮಾಡಿ. ಎಂಜಿನ್ ನಿಂತೂ ಟಿಕ್ ಟಿಕ್ ನಿಲ್ಲದಿದ್ದರೆ ಎಲ್ಲೋ ಪೆಟ್ರೋಲ್ ಸೋರುತ್ತಿದೆ ಅಂತ ಅರ್ಥ.

ಗೇರು ನಯವಾಗಿ ಕೂಡಿಕೊಳ್ಳುವಂತೆ ಮಾಡುವ ಸಿಂಕ್ರೋಮೆಶ್ ಒಂದನೇ ಗೇರಿಗೆ ಇಲ್ಲ. ಅದು ಬಂದದ್ದು 1967ರ ಕೊನೆಯ ಎರಡನೇ ಮಾದರಿಗೆ. ಕಾರು ಪೂರ್ತಿ ನಿಂತ ಮೇಲೇ ಒಂದಕ್ಕೆ ಹಾಕಬೇಕು, ಇಲ್ಲದಿದ್ದರೆ ಹಲ್ಲು ಕಡಿಯುತ್ತದೆ. ಒಂದನೇ ಗೇರಿನಲ್ಲಿ ಬರುವ ಗೊಯ್ ಅನ್ನುವ ಸದ್ದು ಆ ಗೇರಿನ ನೇರ ಹಲ್ಲಿನದು, ರೋಗವಲ್ಲ. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಬ್ರೇಕಿಗೆ ಬಲ ಕೂಡಿಸುವ ಸರ್ವೋ ಇಲ್ಲ, ಆದ್ದರಿಂದ ಕಾಲು ಬಲವಾಗಿ ಒತ್ತಬೇಕು. ಸ್ಟೀರಿಂಗ್ ನೇರ, ರಸ್ತೆಯ ಒಂದೊಂದು ಕಲ್ಲೂ ಅಂಗೈಗೆ ಗೊತ್ತಾಗುತ್ತದೆ. ಗಂಟೆಗೆ 100 ಮೈಲಿ ಮುಟ್ಟಬಲ್ಲ ಕಾರು, ಆದರೆ ಅದರ ಸುಖ ಇರುವುದು 50ರ ಆಸುಪಾಸಿನಲ್ಲಿ. ಕಾಟ್ಸ್‌ವೋಲ್ಡ್ಸ್ ಬೆಟ್ಟಸಾಲಿನ ಸಣ್ಣ ರಸ್ತೆಯಲ್ಲಿ, ಹುಡ್ ಮಡಚಿ, ಮೂರನೇ ಗೇರಿನಲ್ಲಿ ಓವರ್‌ಡ್ರೈವ್ ಹಾಕುತ್ತಾ ತೆಗೆಯುತ್ತಾ ಹೋಗಿ ನೋಡಿ.

ಈಗಿನ ಪೆಟ್ರೋಲ್ ಆಗಿ ಬರುತ್ತದಾ?

ಸೀಸದ ಪೆಟ್ರೋಲ್ ಹೋದಾಗಿನ ಚಿಂತೆ ಇದಕ್ಕಿಲ್ಲ, ಸಿಲಿಂಡರ್ ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದೇನೆ. ಚಿಂತೆ ಇರುವುದು ಎಥನಾಲ್‌ದು. ಇಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇ. 10ರವರೆಗೆ ಎಥನಾಲ್ ಇರುವುದು, ಆಗಿದೆ. ಹಳೇ ರಬ್ಬರ್ ಪೈಪುಗಳನ್ನು ಅದು ಮೆತ್ತಗೆ ಮಾಡುತ್ತದೆ. ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಿಸಿದ್ದೇನೆ, ಆದರೂ ಎಥನಾಲ್ ಕಡಿಮೆಯಿರುವ ಇ5 ಪೆಟ್ರೋಲನ್ನೇ ಹಾಕುತ್ತೇನೆ. ಭಾರತದಲ್ಲಿ ಎಥನಾಲ್ ಪ್ರಮಾಣ ಇನ್ನೂ ಹೆಚ್ಚು, ಅಲ್ಲಿಗೆ ಒಯ್ಯುವವರು ಇದನ್ನು ಲಘುವಾಗಿ ತಗೊಳ್ಳಬೇಡಿ.

ಬಿಡಿಭಾಗ ಸಿಗುತ್ತದಾ? ನೋಡಿಕೊಳ್ಳುವುದು ಹೇಗೆ?

ಹಳೇ ಕಾರುಗಳಲ್ಲಿ ಎಂಜಿಬಿಯಷ್ಟು ಸುಲಭಕ್ಕೆ ಬಿಡಿಭಾಗ ಸಿಗುವ ಇನ್ನೊಂದು ಕಾರನ್ನು ನಾನು ಕಂಡಿಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್ 1988ರಿಂದ ಹಳೇ ಅಚ್ಚುಗಳನ್ನೇ ಬಳಸಿ ಪೂರ್ತಿ ಹೊಸ ಬಾಡಿಯನ್ನೇ ತಯಾರಿಸಿ ಕೊಡುತ್ತಿದೆ. ನಟ್ಟು ಬೋಲ್ಟಿನಿಂದ ಡ್ಯಾಶ್‌ಬೋರ್ಡಿನವರೆಗೆ ಅಂಚೆಯಲ್ಲಿ ಮನೆಗೆ ಬರುತ್ತದೆ. ಎಂಜಿ ಕಾರ್ ಕ್ಲಬ್ 1930ರಿಂದ ಇದೆ. ಸೇರಿಕೊಳ್ಳಿ, ಅಲ್ಲಿನ ಹಿರಿಯರ ಬಾಯಲ್ಲಿ ಕಲಿತದ್ದು ಯಾವ ಕೈಪಿಡಿಯಲ್ಲೂ ನನಗೆ ಸಿಗಲಿಲ್ಲ.

20ಡಬ್ಲ್ಯೂ-50 ಎಣ್ಣೆ ಹಾಕಿ, ವರ್ಷಕ್ಕೊಮ್ಮೆ ಬದಲಿಸಿ. ಮುಂದಿನ ಚಕ್ರಗಳು ತಿರುಗುವ ಕೀಲುಗಳಾದ ಕಿಂಗ್‌ಪಿನ್‌ಗಳಿಗೆ 3,000 ಮೈಲಿಗೊಮ್ಮೆ ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಿ. ಇದನ್ನು ಮರೆತವರ ಕಾರಿನಲ್ಲಿ ಸ್ಟೀರಿಂಗ್ ಬಿಗಿಯಾಗುತ್ತಾ ಹೋಗುತ್ತದೆ. ಚಕ್ರದ ಕಡ್ಡಿಗಳನ್ನು ಪೆನ್ನಿನಿಂದ ಒಂದೊಂದಾಗಿ ತಟ್ಟಿ, ಟಿಣ್ ಅಂದರೆ ಸರಿ, ಸದ್ದು ಸತ್ತಿದ್ದರೆ ಸಡಿಲ. ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿಗಳಿವೆ, ಮತ್ತು ಈ ಕಾರಿನಲ್ಲಿ ಅರ್ಥ್ ಆಗಿರುವುದು, ಅಂದರೆ ಕಾರಿನ ಮೈಗೆ ಜೋಡಿಸಿರುವುದು, ಪಾಸಿಟಿವ್ ತಂತಿ. ಈಗಿನ ಕಾರಿನ ಅಭ್ಯಾಸದಲ್ಲಿ ತಂತಿ ಅದಲುಬದಲು ಮಾಡಬೇಡಿ.

ತೆರಿಗೆ, ಎಂಒಟಿ?

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ, ದೊಡ್ಡ ಬದಲಾವಣೆ ಮಾಡಿರದಿದ್ದರೆ ಎಂಒಟಿ ಅನ್ನುವ ವಾರ್ಷಿಕ ವಾಹನ ತಪಾಸಣೆಯೂ ಕಡ್ಡಾಯವಲ್ಲ. ಹೊಗೆ ಜಾಸ್ತಿ ಬಿಡುವ ವಾಹನಗಳಿಗೆ ಲಂಡನ್ನಿನಲ್ಲಿ ಹಾಕುವ ಯುಲೆಜ್ ಶುಲ್ಕವೂ ಇಲ್ಲ. ಕಡ್ಡಾಯವಲ್ಲದಿದ್ದರೂ ನಾನು ಪ್ರತಿ ವರ್ಷ ಎಂಒಟಿ ಮಾಡಿಸಿದ್ದೇನೆ. ಬ್ರೇಕು, ಸ್ಟೀರಿಂಗನ್ನು ಇನ್ನೊಂದು ಜೊತೆ ಕಣ್ಣು ನೋಡಬೇಕು.

ಭಾರತಕ್ಕೆ ಒಯ್ಯಬಹುದಾ?

ಮೊದಲು ಆಗುತ್ತಿರಲಿಲ್ಲ. 1950ಕ್ಕಿಂತ ಹಳೆಯ ಕಾರುಗಳನ್ನು ಮಾತ್ರ ಲೈಸೆನ್ಸ್ ಇಲ್ಲದೆ ಬಿಡುತ್ತಿದ್ದರು. 2025ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿ 50 ವರ್ಷ ದಾಟಿದ ಕಾರುಗಳಿಗೂ ದಾರಿ ತೆರೆಯಿತು, ಅದೂ ಸ್ವಂತ ಹವ್ಯಾಸಕ್ಕೆ, ವ್ಯಾಪಾರಕ್ಕಲ್ಲ. ಈ ಕಾರು ಆ ವಯಸ್ಸು ದಾಟಿದೆ, ಸ್ಟೀರಿಂಗೂ ಬಲಕ್ಕಿದೆ. ಆದರೆ ಆಮದು ಸುಂಕ ಕಾರಿನ ಬೆಲೆಯನ್ನೇ ಮೀರಿಸುತ್ತದೆ, ಮೇಲೆ ಹಡಗಿನ ಬಾಡಿಗೆ, ವಿಮೆ, ಬಂದರಿನ ಖರ್ಚು. ಕಸ್ಟಮ್ಸ್ ಏಜೆಂಟರಿಂದ ಬರವಣಿಗೆಯಲ್ಲಿ ಲೆಕ್ಕ ಹಾಕಿಸಿಕೊಂಡ ಮೇಲೇ ನನಗೆ ಫೋನ್ ಮಾಡಿ.

ನೋಂದಣಿಗೆ 2021ರ ವಿಂಟೇಜ್ ವಾಹನ ನಿಯಮವಿದೆ. ಶುಲ್ಕ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ ರಾಜ್ಯದ ಅಕ್ಷರಗಳಾದ ಮೇಲೆ 'ವಿಎ' ಬರುತ್ತದೆ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು, ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನಾ ಆಫೀಸಿಗೆ ಒಯ್ಯುವ ಆಸೆ ಇದ್ದರೆ ಈ ಕಾರು ಇಂಗ್ಲೆಂಡಿನಲ್ಲೇ ಇರಲಿ. ಧರ್ಮಸ್ಥಳದ ಸಂಗ್ರಹದಲ್ಲಿ ಹಳೇ ಕಾರುಗಳನ್ನು ಗಾಜಿನಂತೆ ಕಾಪಾಡಿದ್ದು ನೋಡಿ ಬೆಳೆದವರು ನಾವು. ಒಯ್ಯುವವರು ಅಷ್ಟೇ ಅಕ್ಕರೆಯಿಂದ ಇಟ್ಟುಕೊಳ್ಳುತ್ತಾರಾದರೆ ನನಗೂ ಸಂತೋಷ.

ಹೂಡಿಕೆಯಾಗಿ ಹೇಗೆ?

ಎಫ್‌ಡಿ ಇಡುವ ಲೆಕ್ಕದಲ್ಲಿ ಬರುವವರಿಗೆ ನಾನು ಬೇಡ ಅನ್ನುತ್ತೇನೆ. ಇಷ್ಟು ಸಂಖ್ಯೆಯಲ್ಲಿ ತಯಾರಾದ ಕಾರಿನ ಬೆಲೆ ಆಕಾಶಕ್ಕೇರುವುದಿಲ್ಲ. ಒಳ್ಳೆಯ ಸ್ಥಿತಿಯ ಪುಲ್ ಹ್ಯಾಂಡಲ್ ಕಾರಿಗೆ ಬೇಡಿಕೆ ಇದ್ದೇ ಇದೆ, ಆದರೆ ಶೆಡ್ಡಿನಲ್ಲಿ ಮುಚ್ಚಿಟ್ಟರೆ ಸೀಲುಗಳು ಒಣಗುತ್ತವೆ, ಬ್ರೇಕ್ ಸಿಲಿಂಡರ್ ಹಿಡಿಯುತ್ತದೆ, ಟ್ಯಾಂಕಿನಲ್ಲಿ ತುಕ್ಕು ಕೂರುತ್ತದೆ. ಓಡಿಸಿದಷ್ಟೂ ಆರೋಗ್ಯವಾಗಿರುವ ಕಾರಿದು.

ಬೆಲೆ ಎಷ್ಟು? ಚೌಕಾಶಿಗೆ ಜಾಗ ಇದೆಯಾ?

19,500 ಪೌಂಡ್. ಮೇಲೆ ಹೇಳಿದ ವಿಂಗ್ ಗುಳ್ಳೆ, ಬಾಗಿಲ ಬಿರುಕಿನ ಖರ್ಚನ್ನು ಕಳೆದೇ ಇಟ್ಟ ಬೆಲೆ ಇದು. ಕಾರು ನೋಡದೆ ಫೋನಿನಲ್ಲೇ ಬೆಲೆ ಇಳಿಸಲು ಕೇಳಿದರೆ ಉತ್ತರ ಇಲ್ಲ. ಬಂದು, ನೋಡಿ, ನಾನು ಹೇಳದೇ ಬಿಟ್ಟ ಕೊರತೆ ಏನಾದರೂ ಕಂಡರೆ ಖಂಡಿತ ಕೂತು ಮಾತಾಡೋಣ. ಹಣ ಬ್ಯಾಂಕಿನ ಮೂಲಕ ಮಾತ್ರ.

ಇಷ್ಟು ಪ್ರೀತಿ ಇದ್ದೂ ಯಾಕೆ ಮಾರುತ್ತಿದ್ದೀರಿ?

ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ. ಕ್ಲಚ್ ಒತ್ತುವುದು, ನೆಲಮಟ್ಟದ ಸೀಟಿಗೆ ಇಳಿದು ಏಳುವುದು ವೈದ್ಯರಿಗೂ ಒಪ್ಪಿಗೆಯಿಲ್ಲ, ನನಗೂ ನೋವು. ಹೋದ ಬೇಸಿಗೆಯಲ್ಲಿ ಕಾರು ಮೂರೇ ಸಲ ಹೊರಗೆ ಬಂತು. ಅದನ್ನು ಹಾಗೆ ನಿಲ್ಲಿಸಿಡಲು ಮನಸ್ಸು ಬರುತ್ತಿಲ್ಲ.

ನೋಡಲು ಯಾವಾಗ ಬರಬಹುದು?

ಶನಿವಾರ, ಭಾನುವಾರ ಬೆಳಿಗ್ಗೆ. ನೀವು ಬರುವ ಮುಂಚೆ ನಾನು ಎಂಜಿನ್ ಸ್ಟಾರ್ಟ್ ಮಾಡಿರುವುದಿಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟು ತಣ್ಣಗಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಬೇರೆ ಯಾರ ಕಾರು ನೋಡಲು ಹೋದರೂ ಇದನ್ನು ಮಾಡಿ, ಬಿಸಿ ಮಾಡಿಟ್ಟ ಎಂಜಿನ್ ಬಹಳ ರೋಗ ಮುಚ್ಚಿಡುತ್ತದೆ. ಬಿಸಿಯಾದ ಮೇಲೆ ಎಣ್ಣೆಯ ಒತ್ತಡ ಓಡುವಾಗ 50 ಪಿಎಸ್‌ಐಗಿಂತ ಮೇಲೆ, ಕಾರು ನಿಂತು ಎಂಜಿನ್ ಮಾತ್ರ ತಿರುಗುವಾಗ 15ಕ್ಕಿಂತ ಮೇಲೆ ಇರಬೇಕು, ಮೀಟರ್ ನಿಮ್ಮ ಕಣ್ಣೆದುರೇ ಇದೆ. ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ತನ್ನಿ (ಪೇಂಟಿನಡಿ ದಪ್ಪ ಪುಟ್ಟಿ ಇದ್ದರೆ ಅದು ಅಂಟುವುದಿಲ್ಲ), ಒಂದು ಟಾರ್ಚ್, ಕೊಳೆಯಾದರೂ ಪರವಾಗಿಲ್ಲದ ಬಟ್ಟೆ. ಕೆಳಗೆ ಮಲಗಿ ನೋಡಲು ಚಾಪೆ ನಾನು ಹಾಸಿಟ್ಟಿರುತ್ತೇನೆ. ನೋಡಿ ಮುಗಿಸಿದ ಮೇಲೆ ಕಾಫಿ ಕುಡಿದು, ನಿಮ್ಮ ವಿಮೆ ಇದ್ದರೆ ಸ್ಟೀರಿಂಗ್ ನೀವೇ ಹಿಡಿಯಿರಿ, ನಾನು ಪಕ್ಕದ ಸೀಟಿನಲ್ಲಿ ಕೂರುತ್ತೇನೆ.